ಹುರಿಗಾಳು ಮತ್ತು ನಾನು ಕೇಳದ ಅರ್ಧ ನಿಮಿಷ

ಎರಡು ವಾರದ ಹಿಂದೆ, ಒಂದು ಮಂಗಳವಾರ ಬೆಳಗ್ಗೆ ಹತ್ತೂವರೆಗೆ, ಹೆಬ್ಬಾಳದ ಫ್ಲೈಓವರ್ ಮೇಲೆ, ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಕೂತು ನಾನು ಅತ್ತುಬಿಟ್ಟೆ.

ಟ್ರಾಫಿಕ್‌ಗೆ ಅತ್ತೆ ಎಂದುಕೊಂಡಿರಾ? (ಆ ಫ್ಲೈಓವರ್ ಮೇಲೆ ಆ ಕಾರಣಕ್ಕೆ ಅತ್ತವರು ಬೇಕಾದಷ್ಟು ಜನ ಇದ್ದಾರೆ, ಗೊತ್ತು.) ನಾನು ಅತ್ತದ್ದು ಒಂದು ಹಾಡಿಗೆ.

ಯಲಹಂಕದಿಂದ ಹೊರಟು ಮುಕ್ಕಾಲು ಗಂಟೆಯಾಗಿತ್ತು. ಮುಂದೆ ಸಿಮೆಂಟ್ ಲಾರಿ, ಪಕ್ಕದಲ್ಲಿ ಏರ್‌ಪೋರ್ಟ್ ಬಸ್ಸು. ಯಾವುದೂ ಕದಲುತ್ತಿರಲಿಲ್ಲ. ಡ್ರೈವರ್ ನಂಜಪ್ಪ ದೊಡ್ಡಬಳ್ಳಾಪುರದ ಕಡೆಯವರು. ಬೇಜಾರು ಕಳೆಯಲು ತಮ್ಮ ಫೋನಿನಿಂದ ಹಾಡು ಹಾಕಿದರು. ನಾನು ನನ್ನ ಫೋನಿನಲ್ಲಿ ಮುಳುಗಿದ್ದೆ.

ಮೊದಲು ಗಿಟಾರ್. ಎರಡೇ ತಂತಿ. ಆಮೇಲೆ ತಮಟೆ, ಪಕ್ಕದ ಬೀದಿಯಿಂದ ಯಾರೋ ಬಾರಿಸಿಕೊಂಡು ಬರುತ್ತಿರುವ ಹಾಗೆ. ಇನ್ನೇನು ನಮ್ಮ ಬೀದಿಗೆ ತಿರುಗಿದರು ಅನ್ನುವಾಗ ಒಬ್ಬ ಹೆಂಗಸು ಉಸಿರೆಳೆದುಕೊಂಡರು. ಉಸಿರು ಕೇಳಿಸಿತು! ನಾನು ತಲೆಯೆತ್ತಿದೆ.

"ಎತ್ತಿಗೆ ಹೆಸರಿಟ್ಟ ಅಪ್ಪಯ್ಯ, ಕರುವಿಗೂ ಹೆಸರಿಟ್ಟ,
ಕೂಸಿಗೆ ಇಡೋದ ಮರ್ತುಬಿಟ್ಟ."

ಅಷ್ಟೇ ಪಲ್ಲವಿ. ಎತ್ತುಗಳ ಹೆಸರು ಕೆಂಚ, ಬಿಳಿಯ. ಕರುವಿನ ಹೆಸರು ಮಲ್ಲಿಗೆ. ಮನೆಯ ಹೆಣ್ಣುಮಗುವಿಗೆ ಹೆಸರಿಲ್ಲ. ಆ ದನಿಯಲ್ಲಿ ದೂರು ಇರಲಿಲ್ಲ, ಅಳು ಇರಲಿಲ್ಲ. ಮನೆಯ ಜಗಲಿಯ ಮೇಲೆ ಕೂತು ಹಿಂಗಾಯ್ತು ನೋಡಿ ಎಂದು ಹೇಳುವ ಸಲೀಸು. ಹಾಡು ಏರುತ್ತಾ ಹೋಯಿತು. ಗಿಟಾರ್ ಅಬ್ಬರಿಸಿತು, ತಮಟೆ ಎದೆಗೆ ಬಡಿಯಿತು, ಒಂದು ತುತ್ತತುದಿಯಲ್ಲಿ ಎಲ್ಲ ಒಟ್ಟಿಗೆ ನಿಂತಿತು.

ಮುಗಿಯಿತು ಎಂದುಕೊಂಡು ನಾನು ಬಾಯಿ ತೆರೆದೆ. ನಂಜಪ್ಪ ಕೈಯೆತ್ತಿ ತಡೆದರು.

"ಇರಿ ಮೇಡಂ. ಮುಗ್ದಿಲ್ಲ. ಅಸಲು ಈಗೈತೆ."

ಗಿಟಾರಿನ ಕೊನೆಯ ಗುಂಯ್‌ಗುಡುವಿಕೆ ಇಳಿಯುತ್ತಾ ಇಳಿಯುತ್ತಾ ಹೋಗಿ, ಅದರಡಿಯಿಂದ ಆ ಹೆಂಗಸಿನ ದನಿ ಮೇಲೆ ಬಂತು. ಈಗ ಅದು ಹಾಡುತ್ತಿರಲಿಲ್ಲ. ಕತ್ತಲಾಗುವ ಮೊದಲು ಮಕ್ಕಳನ್ನು ಮನೆಗೆ ಕರೆಯುವ ಹಾಗೆ ಕರೆಯುತ್ತಿತ್ತು.

"ಕೂಸೂ..."

ನಿಶ್ಶಬ್ದ.

"ದೊಡ್ಡವಳೇ..."

ನಿಶ್ಶಬ್ದ.

"ಪುಟ್ಟೀ... ಇವಳೇ... ಅಮ್ಮಯ್ಯಾ..."

ಒಂದೊಂದು ಕರೆಯ ನಂತರವೂ ಯಾರಾದರೂ ಓಗೊಡುವಷ್ಟು ಜಾಗ ಬಿಟ್ಟಿದ್ದರು. ಯಾರೂ ಓಗೊಡಲಿಲ್ಲ. ಕೊನೆಯ ಕರೆಗೆ ಮಾತ್ರ ಮುಂದಿನ ಸೀಟಿನಿಂದ, ಸ್ಟೀರಿಂಗ್ ಹಿಡಿದುಕೊಂಡೇ, ನಂಜಪ್ಪ ಬಾಯೊಳಗೇ ಅಂದರು: "ಓ..."

ಅಷ್ಟಕ್ಕೆ ನನ್ನ ಕಣ್ಣೀರು ಕಟ್ಟೆಯೊಡೆಯಿತು.

"ಮೇಡಂ, ಗಾಡಿ ಸೈಡಿಗಾಕ್ಲಾ?"

"ಇದು ಫ್ಲೈಓವರ್ರು ನಂಜಪ್ಪ, ಎಲ್ಲಿ ಹಾಕ್ತೀರಿ? ಮೊದ್ಲು ಹೇಳಿ, ಯಾರ ಹಾಡು ಇದು?"

"ಉರಿಗಾಳು ಅಂತ ಮೇಡಂ, ಒಂದು ಬ್ಯಾಂಡು. ಇವಾಗಿಲ್ಲ ಅವ್ರು, ನಿಂತೋಯ್ತು. ಅಳೇ ಆಡುಗಳ್ನೆಲ್ಲ ಕ್ಲೀನ್ ಮಾಡಿ ಓದ್ ತಿಂಗ್ಳು ಮತ್ತೆ ಬಿಟ್ಟವ್ರೆ. ಆಡಿರೋರು ನಮ್ ಕಡೇರೇ. ಕೋಗಿಲು ಊರಿನೋರು."

ಉರಿಗಾಳು. ಉರಿಗಾಳು... ಒಂದು ನಿಮಿಷ ಬೇಕಾಯಿತು ನನಗೆ, ಹೋದ 'ಹ'ಕಾರವನ್ನು ವಾಪಸ್ ತಂದು ಜಾಗಕ್ಕೆ ಕೂರಿಸಲು. ಹುರಿಗಾಳು!

ಈ ಬ್ಯಾಂಡನ್ನು ನಾನು ಬಲ್ಲೆ. ಒಂಬತ್ತು ವರ್ಷದ ಹಿಂದೆ ಅವರ ಮೊದಲ ಸೀಡಿ ನನ್ನ ಮನೆಗೆ ಬಂದಿತ್ತು. ಅದರ ಬಗ್ಗೆ ನಾನು ಬರೆದೂ ಇದ್ದೆ.

ಇದೇ ಅಂಕಣದಲ್ಲಿ.

ಅಂದು ಸಂಜೆ ಮನೆಗೆ ಬಂದವಳೇ ಯಜಮಾನರನ್ನು ಏಣಿ ಹತ್ತಿಸಿ ಅಟ್ಟದಿಂದ ಹಳೆಯ ಫೈಲ್ ಇಳಿಸಿದೆ. ಸಿಕ್ಕಿತು. ಪೂರ್ತಿ ಬರೆದು ನಿಮ್ಮ ಭಾನುವಾರ ಹಾಳುಮಾಡಲಾರೆ. ಎರಡೇ ಸಾಲು ಸಾಕು:

"ಹುರಿಗಾಳು ಎಂದು ಬಾಯಿಗೆ ಹಾಕಿಕೊಂಡರೆ ಬರೀ ಕಲ್ಲು. ಗಿಟಾರಿನ ಗದ್ದಲದಲ್ಲಿ ಈ ಹೆಣ್ಣುಮಗಳು ಏನು ಹಾಡುತ್ತಿದ್ದಾಳೆಂಬುದು ಅವಳಿಗಾದರೂ ಗೊತ್ತಿದ್ದರೆ ನಮ್ಮ ಪುಣ್ಯ."

ಎಷ್ಟು ಜಾಣ ಸಾಲು, ಅಲ್ಲವೇ? ಆಗ ಹಾಗೇ ಅನ್ನಿಸಿತ್ತು. ಆ ವಾರ ನಿಮ್ಮಲ್ಲೇ ಎಷ್ಟೋ ಜನ ಪತ್ರ ಬರೆದು ಬೆನ್ನು ತಟ್ಟಿದಿರಿ. ಅಟ್ಟೂರಿನ ಒಂದು ಮದುವೆಯಲ್ಲಿ, ಪಾಯಸದ ಸರದಿ ಬರುವ ಹೊತ್ತಿಗೆ, ಪಕ್ಕದ ಎಲೆಯವರು 'ಬರೀ ಕಲ್ಲು' ಎಂದು ಹೇಳಿಕೊಂಡು ನಕ್ಕಿದ್ದರು. ನಾನು ಉಬ್ಬಿದ್ದೆ.

ಒಂದು ವಿಷಯ ಮಾತ್ರ ಆ ಬರಹದಲ್ಲಿ ಇರಲಿಲ್ಲ. ಈಗ ಹೇಳಿಬಿಡುತ್ತೇನೆ. ಹನ್ನೊಂದು ಹಾಡಿದ್ದ ಆ ಸೀಡಿಯಲ್ಲಿ ನಾನು ಕೇಳಿದ್ದು ಮೂರು. ಅದೂ ಕಂಪ್ಯೂಟರಿನ ಅಂಗೈಯಗಲದ ಸ್ಪೀಕರಿನಲ್ಲಿ, ಹುರುಳಿಕಾಯಿ ಹೆಚ್ಚುತ್ತಾ.

ಹಳೆಯ ಸೀಡಿಯನ್ನು ಹುಡುಕಿ ಹಾಕಿದೆ. ಅದೇ ಹಾಡು. ಮೂರರಲ್ಲಿ ಅದೂ ಒಂದಿತ್ತು! ಆದರೆ ಇದೆಲ್ಲಿಯ ಹಾಡು? ಎಲ್ಲ ಒಂದೇ ಸಮ ಕಿವಿಗೆ ಗುದ್ದುತ್ತಿತ್ತು. ದನಿ ಮುಚ್ಚಿದ ಬಾಗಿಲಿನ ಆಚೆಯಿಂದ ಬಂದಂತಿತ್ತು. ಉಸಿರು ಇಲ್ಲ. ತಮಟೆ ಎಂದರೆ ಡಬ್ಬ ಬಡಿದ ಸದ್ದು. ಗಿಟಾರಿನ ಅಬ್ಬರ ನಿಂತ ಕೂಡಲೇ ಹಾಡೂ ಮುಗಿದುಹೋಯಿತು. ಕೂಸೂ ಇಲ್ಲ, ದೊಡ್ಡವಳೂ ಇಲ್ಲ, ಅಮ್ಮಯ್ಯನೂ ಇಲ್ಲ.

"ನೋಡಿದ್ಯಾ, ಇದನ್ನ ಕೇಳಿ ನೀನು ಬರ್ದಿದ್ದು ಸರೀನೇ" ಎಂದರು ಯಜಮಾನರು, ಏಣಿ ಎತ್ತಿಡುತ್ತಾ. ಸಮಾಧಾನಕ್ಕೆ ಅಂದದ್ದು. ಸಮಾಧಾನ ಆಗಲಿಲ್ಲ.

ಹೊಸ ಸಂಗ್ರಹದ ವಿವರದಲ್ಲಿ ಹಾಡುಗಳನ್ನು ಕ್ಲೀನ್ ಮಾಡಿದವರ ಹೆಸರಿತ್ತು. ರೀಮಾಸ್ಟರಿಂಗ್: ಶೌಕತ್, ಆರ್.ಟಿ. ನಗರ. ಫೋನ್ ಮಾಡಿ ಗುರುವಾರ ಹೋದೆ. ಟೈಲರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಎರಡು ಕೋಣೆಯ ಸ್ಟುಡಿಯೋ. ಜಾಹೀರಾತಿನ ದನಿ, ಶಾಲೆಗಳ ವಾರ್ಷಿಕೋತ್ಸವದ ಟ್ರ್ಯಾಕ್, ಇಂಥವನ್ನು ಮಾಡಿಕೊಡುವ ಜಾಗ. ಶೌಕತ್ ಮೂವತ್ತರ ಮಧ್ಯದ ತೆಳ್ಳಗಿನ ಮನುಷ್ಯ. ಹುರಿಗಾಳಿನಲ್ಲಿ ಗಿಟಾರ್ ನುಡಿಸಿದವರು ಅವರೇ.

"ಫೋನಲ್ಲಿ ನಿಮ್ಮ ಹೆಸರು ಹೇಳಿದ ತಕ್ಷಣ ಗೊತ್ತಾಯ್ತು ಮೇಡಂ. ಮೊದ್ಲು ಟೀ ತಗೊಳ್ಳಿ."

ಬೈಗುಳಕ್ಕೆ ತಯಾರಾಗಿ ಹೋದವಳಿಗೆ ಟೀ ಕೊಟ್ಟರೆ ಏನು ಮಾಡಬೇಕು ಹೇಳಿ?

ಅವರು ಹಳೆಯದನ್ನೂ ಹೊಸದನ್ನೂ ಒಂದಾದ ಮೇಲೊಂದು ಹಾಕಿ ಕೇಳಿಸಿದರು. ಹೊಸದು ಹಳೆಯದಕ್ಕಿಂತ ಮೆಲ್ಲಗಿತ್ತು. ಮೆಲ್ಲಗಿದ್ದದ್ದಕ್ಕೇ ನಾನು ಮುಂದಕ್ಕೆ ಬಾಗಿ ಕೇಳತೊಡಗಿದೆ.

"ಆಗ ಒಂದು ಹುಚ್ಚಿತ್ತು ಮೇಡಂ. ಬೇರೆಯವ್ರ ಸೀಡಿಗಿಂತ ನಮ್ದು ಜೋರಾಗಿ ಕೇಳ್ಬೇಕು ಅಂತ. ಪಿಸುಮಾತೂ ಅಷ್ಟೇ ಜೋರು, ಕೂಗೂ ಅಷ್ಟೇ ಜೋರು. ಎಲ್ಲಾನೂ ಒಂದೇ ಎತ್ತರಕ್ಕೆ ಎಳೆದುಬಿಟ್ರೆ ಹಾಡು ಎಲ್ಲಿ ಉಸಿರಾಡುತ್ತೆ?"

"ಹಾಗೆ ಮಾಡಿದವರು ಯಾರು?"

"ನಾನೇ."

ನಾನು ಟೀ ಲೋಟ ಕೆಳಗಿಟ್ಟೆ.

"ಇಪ್ಪತ್ತೈದು ವಯಸ್ಸು. ಎಲ್ಲಾ ಗೊತ್ತು ಅಂದ್ಕೊಂಡಿದ್ದೆ. ಆ ಕೊನೆಯ ಅರ್ಧ ನಿಮಿಷ ಇದೆಯಲ್ಲ, ನಮ್ಮ ಹಾಡುಗಾರ್ತಿ ಗೌರಿ ಒಂದೊಂದೇ ಹೆಸರು ಕರೆಯೋದು? ಅದನ್ನ ಕತ್ತರಿಸಿದ್ದೂ ನಾನೇ. ಹಾಡು ಮುಗಿದ್ಮೇಲೆ ಯಾರು ಸುಮ್ನೆ ಕೂತು ಕೇಳ್ತಾರೆ ಅಂದ್ಕೊಂಡೆ. ಅವಳಿಗೆ ಒಂದು ಮಾತೂ ಹೇಳ್ಲಿಲ್ಲ."

ಬ್ಯಾಂಡ್ ನಿಂತು ಎಷ್ಟೋ ವರ್ಷದ ಮೇಲೆ, ಕಪಾಟು ಖಾಲಿ ಮಾಡುವಾಗ, ಸ್ಟುಡಿಯೋದ ಹಳೆಯ ಹಾರ್ಡ್ ಡಿಸ್ಕ್ ಸಿಕ್ಕಿತಂತೆ. ಸೀಡಿಗೆಂದು ಎಲ್ಲವನ್ನೂ ಜೋರು ಮಾಡುವ ಮೊದಲಿನ ರೆಕಾರ್ಡಿಂಗು. ಸುಮ್ಮನೆ ಹಾಕಿ ಕೇಳಿದರಂತೆ. ಆ ಅರ್ಧ ನಿಮಿಷ ಬಂತು. ಅವತ್ತು ಸ್ಟುಡಿಯೋದ ಬಾಗಿಲೆಳೆದುಕೊಂಡು ಮನೆಗೆ ಹೋಗಿ ಮಲಗಿದರಂತೆ.

ಮರುದಿನದಿಂದ ಕೆಲಸ ಶುರು. ಎರಡು ವರ್ಷ. ದಿನಾ ಬೆಳಗ್ಗೆ ಏಳರಿಂದ ಒಂಬತ್ತು, ಗಿರಾಕಿಗಳು ಬರುವ ಮೊದಲು. ಎರಡು ಸೀಡಿಗಳಿಂದ ಹನ್ನೆರಡು ಹಾಡು ಆರಿಸಿ, ಒಂದೊಂದನ್ನೂ ತೊಳೆದು, ಒರೆಸಿ, ಇದ್ದ ಹಾಗೆ ತಂದು ನಿಲ್ಲಿಸುವುದು. ಯಾರೂ ಕೇಳಿರಲಿಲ್ಲ. ಯಾರೂ ಕಾಯುತ್ತಲೂ ಇರಲಿಲ್ಲ. ಹಾಡಿನ ಮೊದಲಲ್ಲಿ ನನಗೆ ಕೇಳಿಸಿದ ಆ ಒಂದು ಉಸಿರು, ಅದರ ಹಿಂದೆ ಫ್ಯಾನಿನ ಸದ್ದಿತ್ತಂತೆ. ಫ್ಯಾನನ್ನು ತೆಗೆದು ಉಸಿರನ್ನು ಉಳಿಸಲು ಹನ್ನೊಂದು ಬೆಳಗು ಹಿಡಿಯಿತಂತೆ.

ಒಬ್ಬ ಹೆಂಗಸಿನ ಒಂದು ಉಸಿರಿಗೆ ಹನ್ನೊಂದು ಬೆಳಗು! ಆ ಸಣ್ಣ ಕೋಣೆಯಲ್ಲಿ ನನಗೆ ಕೈಮುಗಿಯಬೇಕು ಅನ್ನಿಸಿತು.

"ಗೌರಿ ನಿಮ್ಮನ್ನ ಕ್ಷಮಿಸಿದ್ರಾ?"

"ಅವಳನ್ನೇ ಕೇಳಿ ಮೇಡಂ. ನೀವೂ ಹೋಗ್ಲೇಬೇಕಲ್ವಾ?"

ಹೋಗಲೇಬೇಕಿತ್ತು. ಮರುದಿನವೇ ಹೋದೆ.

ಕೋಗಿಲಿನಲ್ಲಿ ಗೌರಿಯವರದು ಹಳೆಯ ಒಕ್ಕಲುತನದ ಮನೆ. ಹೊಲಗಳೆಲ್ಲ ಈಗ ಲೇಔಟ್. ಉಳಿದ ಒಂದು ತುಂಡಿನಲ್ಲಿ ಅಣ್ಣ ತಂಗಿ ಸೇರಿ ಸಿಮೆಂಟ್ ಬ್ಲಾಕ್ ಮಾಡಿಸುತ್ತಾರೆ. ನಾನು ಹೋದಾಗ ಬ್ಲಾಕ್ ಒತ್ತುವ ಮೆಷಿನ್ ನೆಲ ನಡುಗಿಸುತ್ತಿತ್ತು. ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟ, ನಲವತ್ತರ ಹತ್ತಿರದ ಹೆಂಗಸೊಬ್ಬರು ಹಸಿ ಬ್ಲಾಕುಗಳ ಸಾಲಿಗೆ ನೀರು ಬಿಡುತ್ತಿದ್ದರು. ನನ್ನ ತುಟಿ ಅಲ್ಲಾಡುವುದು ಅವರಿಗೆ ಕಂಡಿತು, ಮಾತು ಕೇಳಿಸಲಿಲ್ಲ. ತಿರುಗಿ ಒಂದು ಕೂಗು ಹಾಕಿದರು:

"ಸಿದ್ದಣ್ಣಾ, ನಿಲ್ಸಿ!"

ಮೆಷಿನ್ನಿನ ಗಡಗಡದ ಮೇಲೆ ಆ ದನಿ ಗೆರೆ ಎಳೆದಂತೆ ಹೋಯಿತು. ಮೆಷಿನ್ ನಿಂತಿತು. ಈ ದನಿ ಗದ್ದಲದಲ್ಲಿ ಕೇಳಿಸುವುದಿಲ್ಲ ಎಂದು ನಾನು ಬರೆದಿದ್ದೆನಲ್ಲ!

ಹೆಸರು ಹೇಳಿದೆ. ಅವರು ಪೈಪನ್ನು ನೆಲಕ್ಕಿಟ್ಟು ಕೈ ಒರೆಸಿಕೊಂಡರು. ನಂತರ ಸ್ವಲ್ಪವೂ ತಡವರಿಸದೆ, ನನ್ನ ಆ ಎರಡು ಜಾಣ ಸಾಲುಗಳನ್ನು ನನಗೇ ಒಪ್ಪಿಸಿದರು. ಒಂದು ಅಕ್ಷರ ಆಚೀಚೆ ಆಗಲಿಲ್ಲ.

"ಬಾಯಿಪಾಠ ಆಗೋಗಿದೆ ಮೇಡಂ. ಬನ್ನಿ, ನೆರಳಿಗೆ ಕೂತ್ಕೊಳ್ಳಿ."

ಶೀಟಿನ ಕೆಳಗೆ ಎರಡು ಪ್ಲಾಸ್ಟಿಕ್ ಕುರ್ಚಿ. ಎಲ್ಲಿಂದ ಶುರು ಮಾಡಬೇಕೋ ತಿಳಿಯದೆ ಆ ಹಾಡು ಹುಟ್ಟಿದ್ದು ಹೇಗೆ ಎಂದು ಕೇಳಿದೆ.

"ಅದು ನಮ್ಮಜ್ಜಿ ಕಥೆ. ಎತ್ತಿಗೆ ಕೆಂಚ, ಬಿಳಿಯ ಅಂತ ಹೆಸರು. ಅಜ್ಜೀಗೆ ಬರೀ ಕೂಸು. ಮದ್ವೆ ಆಗಿ ಬಂದ್ಮೇಲೆ 'ಇವಳೇ'. ಎಷ್ಟೋ ವರ್ಷ ಆದ್ಮೇಲೆ ರೇಷನ್ ಕಾರ್ಡಿಗೆ ಬರೆಸೋಕೆ ಹೋದ್ರಂತೆ. ಹೆಸರೇನಮ್ಮ ಅಂದಿದಾರೆ ಅಲ್ಲಿ. ಅಜ್ಜೀಗೆ ಗಾಬರಿ. ಕ್ಯೂನಲ್ಲಿ ಮುಂದೆ ನಿಂತಿದ್ದೋಳು ಲಕ್ಷ್ಮಮ್ಮ ಅಂದಿದ್ಲಲ್ಲ, ಇವ್ರೂ ಲಕ್ಷ್ಮಮ್ಮ ಅಂದುಬಿಟ್ರು."

"ಆಮೇಲೆ?"

"ಆಮೇಲೇನು, ಸಾಯೋ ತನಕ ಲಕ್ಷ್ಮಮ್ಮ. ಯಾರೋ ಗೊತ್ತಿಲ್ದಿರೋ ಹೆಂಗಸಿನ ಹೆಸರು."

ಗೌರಿ ಅಂಗಿಯ ತೋಳಿನಿಂದ ಹಣೆ ಒರೆಸಿಕೊಂಡು ಮುಂದುವರಿಸಿದರು.

"ಕೊನೇಲಿ ಕರೆಯೋದಿದೆಯಲ್ಲ ಮೇಡಂ, ಅದನ್ನ ನಾನು ಬರ್ದಿರ್ಲಿಲ್ಲ. ರೆಕಾರ್ಡಿಂಗ್ ದಿನ ಹಾಡು ಮುಗೀತು, ಬಾಯಿಗೆ ತಾನಾಗೇ ಬಂತು. ಸೀಡಿ ಬಂದಾಗ ನೋಡಿದ್ರೆ ಅದೇ ಇಲ್ಲ. ಚೆನ್ನಾಗಿರ್ಲಿಲ್ವೇನೋ, ಅದಕ್ಕೇ ತೆಗೆದವ್ನೆ ಅಂದ್ಕೊಂಡೆ. ಅದೇ ವಾರ ನಿಮ್ದು ಬಂತು ಪೇಪರಲ್ಲಿ."

"ನನ್ನಿಂದಾಗಿ ಹಾಡೋದು ಬಿಟ್ರಾ?" ಕೇಳಿಯೇಬಿಟ್ಟೆ.

ಗೌರಿ ನಕ್ಕರು. "ನಿಮ್ಮಿಂದ ಬಿಟ್ಟೆ ಅಂದ್ರೆ ನಿಮ್ಗೆ ಜಾಸ್ತಿ ಮರ್ಯಾದೆ ಕೊಟ್ಟಂಗಾಗುತ್ತೆ. ಅಪ್ಪ ಹಾಸಿಗೆ ಹಿಡಿದ್ರು, ಈ ಕೆಲ್ಸ ತಲೆ ಮೇಲೆ ಬಂತು. ನಿಮ್ದು ಬಂದ್ಮೇಲೂ ಒಂದು ವರ್ಷ ಹಾಡ್ದೆ, ಇನ್ನೊಂದು ಸೀಡೀನೂ ಮಾಡಿದ್ವಿ. ಆದ್ರೆ ಮೈಕ್ ಮುಂದೆ ನಿಂತ್ರೆ ಸಾಕು, ಕೇಳಿಸ್ತಿದೆಯಾ, ಕೇಳಿಸ್ತಿದೆಯಾ ಅಂತ ನಾಲ್ಕು ಸಲ ಕೇಳೋಳು. ಎಲ್ರೂ ರೇಗಿಸೋರು. ನನ್ ಗಂಟಲಲ್ಲೇ ಏನೋ ಐಬಿದೆ ಅಂತ ಮನಸ್ಸಿಗೆ ಬಂದುಬಿಡ್ತು. ಮೆಷಿನ್ ತಪ್ಪು ಅಂತ ನಂಗೇನು ಗೊತ್ತು?"

ಹೋದ ವರ್ಷ ಶೌಕತ್ ಹೆಡ್‌ಫೋನ್ ಹಿಡಿದುಕೊಂಡು ಇಲ್ಲಿಗೇ ಬಂದರಂತೆ. ಇದೇ ಕುರ್ಚಿಯಲ್ಲಿ ಕೂರಿಸಿ ಕೇಳಿಸಿದರಂತೆ.

"ಅರ್ಧಕ್ಕೆ ಹೆಡ್‌ಫೋನ್ ತೆಗೆದು, ಯಾರೋ ಇದು ಹಾಡ್ತಿರೋದು ಅಂತ ಕೇಳ್ದೆ. ಅಷ್ಟಕ್ಕೇ ಶೌಕತ್ ಅತ್ತುಬಿಟ್ಟ. ಇನ್ನೇನು ಬೈಯೋದು ಅವ್ನಿಗೆ?"

ನಾನು ಕ್ಷಮೆ ಕೇಳಿದೆ. ಸರಿಯಾಗಿ ಕೇಳಲು ಬರಲಿಲ್ಲ, ಏನೇನೋ ತೊದಲಿದೆ. ಗೌರಿ ಕೇಳಿಸಿಕೊಂಡು, ತುಂಬಾ ಸಾಧಾರಣವಾಗಿ ಒಂದು ಪ್ರಶ್ನೆ ಹಾಕಿದರು.

"ಎಷ್ಟು ಹಾಡು ಕೇಳಿದ್ರಿ ಆಗ?"

ಸುಳ್ಳು ನಾಲಿಗೆಯ ತುದಿಯವರೆಗೂ ಬಂದಿತ್ತು. "ಮೂರು" ಎಂದೆ.

"ಮೂರಾ?"

ಅವರ ಮುಖದಿಂದ ನಗು ಹೋಯಿತು. ಸಿಮೆಂಟ್ ಮೆತ್ತಿದ ಬೆರಳುಗಳನ್ನೇ ನೋಡುತ್ತಾ ಕೂತರು. ಆಮೇಲೆ ನಿಧಾನವಾಗಿ ಅಂದರು: "ಹನ್ನೊಂದೂ ಕೇಳಿರ್ತೀರ ಅಂತ ನಂಬಿದ್ದೆ ಮೇಡಂ. ಅಷ್ಟು ಓದಿರೋರು, ಹನ್ನೊಂದೂ ಕೇಳಿ, ಹಿಂಗೆ ಬರ್ದಿದಾರೆ ಅಂದ್ರೆ ನಿಜಾನೇ ಇರ್ಬೇಕು ಅಂತ."

ಅವರು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಇಷ್ಟು ವರ್ಷ ಬರೆದಿದ್ದಕ್ಕೆ ನನಗೆ ಸಿಕ್ಕ ಎಲ್ಲ ಬೈಗುಳಗಳನ್ನು ಸೇರಿಸಿದರೂ ಆ ಮಾತಿನ ತೂಕ ಬರುವುದಿಲ್ಲ.

ಎದ್ದು ಹೊರಟೆ. ಗೇಟಿನವರೆಗೂ ಬಂದರು.

"ಭಾನುವಾರ ಬೆಳಗ್ಗೆ ಶೌಕತ್ ಹತ್ರ ಸೇರ್ತಿದೀವಿ, ಎಂಟು ವರ್ಷ ಆದ್ಮೇಲೆ. ಬನ್ನಿ ನೀವೂ. ಪೆನ್ನು ಮಾತ್ರ ತರ್ಬೇಡಿ."

ಹೋದೆ. ಪೆನ್ನು ಒಯ್ಯಲಿಲ್ಲ.

ತಮಟೆಯ ಮುನಿರಾಜು ಯಶವಂತಪುರದ ಮಾರ್ಕೆಟ್ಟಿನಲ್ಲಿ ಈರುಳ್ಳಿ ಮೂಟೆ ಹೊರುವವರು. ಭಾನುವಾರ ರಜೆ ಹಾಕಿ ಬಂದಿದ್ದರು. ತಮಟೆಯ ಚರ್ಮ ಬಿಗಿಯಾಗಬೇಕಾದರೆ ಕಾಯಿಸಬೇಕಲ್ಲ. ತಾರಸಿಯ ಮೇಲೆ ಹಳೆಯ ಪೇಪರ್ ಸುತ್ತಿ ಸುತ್ತಿ ಬೆಂಕಿಗೆ ಹಾಕುತ್ತಾ ಕೂತಿದ್ದರು. (ಹೌದು, ನಮ್ಮದೇ ಪತ್ರಿಕೆ. ಯಾವ ಪುಟವೆಂದು ಬಗ್ಗಿ ನೋಡುವ ಧೈರ್ಯ ನನಗಾಗಲಿಲ್ಲ.)

ಮೂವರೂ ಒಳಗೆ ನಿಂತರು. ನನಗೆ ಮೂಲೆಯಲ್ಲೊಂದು ಸ್ಟೂಲು. ಶೌಕತ್ ಎರಡು ತಂತಿ ಮೀಟಿದರು. ಮುನಿರಾಜುವಿನ ಮೂಟೆ ಹೊತ್ತ ಹೆಗಲು ಒಮ್ಮೆ ಸಡಿಲವಾಗಿ ಕುಣಿಯಿತು. ಗೌರಿ ಮೈಕಿನ ಮುಂದೆ ಬಂದು ನಿಂತು, ಕಣ್ಣು ಮುಚ್ಚಿ, ಉಸಿರೆಳೆದುಕೊಂಡರು. ಕೇಳಿಸುತ್ತಿದೆಯಾ ಎಂದು ಯಾರನ್ನೂ ಕೇಳಲಿಲ್ಲ.

ಮುಂದಿನದನ್ನು ಹೇಗೆ ಹೇಳಲಿ? ದನಿ ಮೊದಲಿನಷ್ಟು ನುಣುಪಾಗಿ ಇರಲಿಲ್ಲ. ಒಂದೆರಡು ಕಡೆ ಸೀಳಿತು. ಆ ಸೀಳಿನಲ್ಲೇ ಎಂಟು ವರ್ಷದ ಸಿಮೆಂಟು, ಅಪ್ಪನ ಹಾಸಿಗೆ, ಎಲ್ಲ ಇತ್ತು. ಗೋಡೆಗೆ ಒರಗಿಸಿಟ್ಟಿದ್ದ ಇನ್ನೊಂದು ಗಿಟಾರಿನ ತಂತಿಗಳು ಯಾರೂ ಮುಟ್ಟದೆಯೇ ಸಣ್ಣಗೆ ಮಿಡಿಯುತ್ತಿದ್ದವು. ನಾನು ನನ್ನ ಕೈಗಳ ಮೇಲೆ ಕೂತಿದ್ದೆ, ಮಗುವಿನ ಹಾಗೆ.

ಹಾಡು ತುದಿ ಮುಟ್ಟಿ ನಿಂತಿತು. ಗೌರಿ ಕರೆಯತೊಡಗಿದರು. ಕೂಸೂ. ದೊಡ್ಡವಳೇ. ಇವಳೇ. ಅಮ್ಮಯ್ಯಾ. ಈ ಸಲ ಪಟ್ಟಿ ಅಲ್ಲಿಗೆ ನಿಲ್ಲಲಿಲ್ಲ. ಮುನಿರಾಜುವಿನ ಕಡೆ ತಿರುಗಿ ನೋಡಿದರು. "ನಮ್ಮಜ್ಜಿ ದ್ಯಾವಮ್ಮ" ಎಂದರು ಅವರು. "ದ್ಯಾವಮ್ಮಾ..." ಎಂದು ಕರೆದರು ಗೌರಿ. ಶೌಕತ್ "ನಮ್ಮ ದಾದಿ, ಅಪ್ಪನ ಅಮ್ಮ, ಖೈರುನ್ನಿಸಾ" ಎಂದರು. "ಖೈರುನ್ನಿಸಾ..." ಆಮೇಲೆ ಗೌರಿ, ಮೈಕ್ ಬಿಡದೆಯೇ, ನನ್ನ ಕಡೆ ನೋಡಿದರು.

"ಸೀತಮ್ಮ" ಎಂದೆ.

"ಸೀತಮ್ಮಾ..."

ನನ್ನ ಅಜ್ಜಿಯನ್ನು ಆ ದನಿ ಕರೆಯಿತು. ನನಗೆ ಓಗೊಡಬೇಕು ಅನ್ನಿಸಿತು.

"ಅವ್ರ ಅಮ್ಮ?" ಕೇಳಿದರು ಗೌರಿ, ಮೆಲ್ಲಗೆ.

ಬಾಯಿ ತೆರೆದೆ. ಹೆಸರು ಗೊತ್ತಿರಲಿಲ್ಲ. ಗೌರಿ ಕಾದರು. ಕಾಯುವಷ್ಟೂ ಕಾದು, ಆ ಜಾಗವನ್ನು ಹಾಗೆಯೇ ಖಾಲಿ ಬಿಟ್ಟು ಹಾಡು ಮುಗಿಸಿದರು. ಶೌಕತ್ ಆ ನಿಶ್ಶಬ್ದವನ್ನೂ ರೆಕಾರ್ಡ್ ಮಾಡಿಕೊಂಡರು.

ವಾಪಸ್ ಬರುತ್ತಾ ಆಟೋದಲ್ಲೇ ಅಮ್ಮನಿಗೆ ಫೋನ್ ಮಾಡಿದೆ. ಅಮ್ಮನಿಗೆ ಎಂಬತ್ತಾದರೂ ನೆನಪು ಚುರುಕು. ಊರಿನ ಯಾರ ಮದುವೆ ಯಾವ ವಾರ ಆಯಿತೆಂದು ಈಗಲೂ ಹೇಳುತ್ತಾರೆ.

"ಅಜ್ಜಿಯ ಅಮ್ಮನ ಹೆಸರಾ? ಎಲ್ರೂ ಅಮ್ಮಯ್ಯ ಅಂತಿದ್ರು ಕಣೇ" ಎಂದರು. "ಹೆಸರು ಅಂತ ಒಂದು ಇದ್ದಿರ್ಬೇಕು. ಯಾಕೆ, ಯಾರು ಕೇಳಿದ್ರು?"

ನಾನೀಗ ನಿಮ್ಮನ್ನು ಕೇಳುತ್ತಿದ್ದೇನೆ: ನಿಮ್ಮ ಅಜ್ಜಿಯ ಅಮ್ಮನ ಹೆಸರೇನು?